ಅತ್ತೆಯ ಕಿಮ್ಚಿಯೂ ನನ್ನ ಕಲ್ಲುಮುಖವೂ

ಮನಸ್ಸಿನಲ್ಲಿರೋದನ್ನ ಮುಖದಲ್ಲಿ ತೋರಿಸದ ವೀರ ನಮ್ಮ ಜೊಂಜು ಊರಲ್ಲಿ ಯಾರಾದ್ರೂ ಇದ್ರೆ ಅದು ನಾನೇ! ಹಾಗಂತ ಅತ್ತೆ ಮನೆಗೆ ಹೊರಟ ಕಾರಿನಲ್ಲೇ ಘೋಷಿಸಿಬಿಟ್ಟೆ.

ನನ್ನ ಹೆಂಡತಿ ಹೇರಿನ್ ನಗಲಿಲ್ಲ. "ರೀ, ತಮಾಷೆ ಸಾಕು. ಪ್ರತಿ ವರ್ಷ ಕಿಮ್ಚಿ ಕೋಸಿಗೆ ಉಪ್ಪು ಹಾಕ್ತಿದ್ದಿದ್ದು ಅಪ್ಪ. ಅವರು ತೀರಿಹೋದ್ಮೇಲೆ ಈ ಸಲ ಅಮ್ಮ ಒಬ್ಬಳೇ ಹಾಕಿದ್ದಾಳೆ. ಕೆಟ್ಟಿದೆ ಅಂತ ಗೊತ್ತಾದ್ರೆ ಇನ್ನು ಜನ್ಮದಲ್ಲಿ ಮಾಡಲ್ಲ ಅವಳು. ಹೇಗಿದ್ರೂ ಎಲ್ಲರೂ ನಗಬೇಕು!"

"ಖುಷಿ ಆಗದಿದ್ರೆ ನಗು ಹೇಗೆ ಬರುತ್ತೆ?" ಹಿಂದಿನ ಸೀಟಿಂದ ನಮ್ಮ ಕಿರಿಮಗಳು, ನಾಲ್ಕು ವರ್ಷದ ಬೊಮಿ ಕೇಳಿದಳು.

"ಒಳಗೊಂದು, ಹೊರಗೊಂದು ಕಣೇ," ಅಂದಳು ಅವಳಕ್ಕ, ಎಂಟು ವರ್ಷದ ಸೋದಮ್.

"ಸುಳ್ಳು! ಅಳು ಬಂದ್ರೆ ಬೇಜಾರು, ನಗು ಬಂದ್ರೆ ಖುಷಿ. ಅಷ್ಟೇ!"

ಅತ್ತೆ ಮನೆ ಅಂಗಳದಲ್ಲಿ ಕೋಸಿನ ಗುಡ್ಡ! ರಬ್ಬರ್ ಗ್ಲೌಸು ಹಾಕ್ಕೊಂಡು ನೆಂಟರೆಲ್ಲ ಉಪ್ಪಲ್ಲಿ ನೆನೆದ ಕೋಸಿಗೆ ಖಾರದ ಮಸಾಲೆ ತುಂಬಿ ಚಳಿಗಾಲದ ಕಿಮ್ಚಿ ಉಪ್ಪಿನಕಾಯಿ ಹಾಕ್ತಿದ್ರು. ಅತ್ತೆ ಒಂದು ಎಳೆ ಎಲೆ ಕಿತ್ತು, ಮಸಾಲೆ ಸುತ್ತಿ, ಮೊದಲ ತುತ್ತು ನನ್ನ ಬಾಯಿಗೇ ಇಟ್ಟರು.

ಅಯ್ಯಯ್ಯಪ್ಪಾ! ಸಮುದ್ರಾನೇ ಬಾಯಿಗೆ ನುಗ್ಗಿತು!

"ಹೇಗಿದೆ, ಅಳಿಯಂದ್ರೇ?" ಅತ್ತೆ ನನ್ನ ಮುಖವನ್ನೇ ನೋಡ್ತಾ ಕೇಳಿದರು.

"ಅ... ಅಮೃತ, ಅತ್ತೆ!" ಅಂದೆ. ಕಲ್ಲುಮುಖದ ಎರಡೂ ಕಣ್ಣಿಂದ ಧಾರಾಕಾರ ನೀರು!

"ಅಪ್ಪ ಅಳ್ತಿದ್ದಾನೆ! ಅಪ್ಪಂಗೆ ಬೇಜಾರು!" ಬೊಮಿ ಊರಿಗೆಲ್ಲ ಕೇಳೋ ಹಾಗೆ ಕೂಗಿದಳು.

ಎಲ್ಲರ ಕೈಯೂ ನಿಂತುಹೋಯ್ತು. ಹೇರಿನ್ ನನ್ನನ್ನು ನುಂಗೋ ಹಾಗೆ ನೋಡಿದಳು. "ನಂಗೊತ್ತಿತ್ತು. ಉಪ್ಪು ಹಾಕೋದು ನನ್ನ ಕೈಲಾಗೋ ಕೆಲಸ ಅಲ್ಲ," ಅಂತ ಅತ್ತೆ ಗ್ಲೌಸು ಬಿಚ್ಚತೊಡಗಿದರು.

"ಬೇಜಾರಲ್ಲ ಅಜ್ಜಿ," ಸೋದಮ್ ಮೆಲ್ಲಗೆ ಅಂದಳು. "ತಿಂದ ತಕ್ಷಣ ಅಪ್ಪಂಗೆ ತಾತ ನೆನಪಾದ್ರು. ಖುಷೀನೂ ಆಯ್ತು, ಅಳೂನೂ ಬಂತು. ಎರಡೂ ಒಟ್ಟಿಗೆ ಬರುತ್ತೆ ಅಜ್ಜಿ."

ಅತ್ತೆ ತೋಳಿನಿಂದ ಕಣ್ಣೊರೆಸಿಕೊಂಡರು. ಗ್ಲೌಸು ಮತ್ತೆ ಕೈಗೇರಿತು. "ಹೌದಾ? ಹಾಗಾದ್ರೆ ದೊಡ್ಡ ಡಬ್ಬಿ ಅಳಿಯಂದ್ರಿಗೇ!"

ಚಳಿಗಾಲ ಪೂರ್ತಿ ತಿನ್ನಬೇಕಾದ ಆ ಡಬ್ಬಿಯನ್ನ ಅಪ್ಪಿಕೊಂಡು ಹಲ್ಲು ಕಿರಿದೆ. ಬೊಮಿ ನನ್ನ ಮುಖವನ್ನೇ ದಿಟ್ಟಿಸಿದಳು. ಈಗ ಮತ್ತೆ ಕೂಗ್ತಾಳೆ ಅಂತ ಜೀವ ಬಾಯಿಗೆ ಬಂತು! ಅವಳು ನನ್ನ ಕಿವಿ ಎಳೆದು ಪಿಸುಗುಟ್ಟಿದಳು: "ಅಪ್ಪಾ, ನೀನು ಹೊರಗೆ ನಗ್ತಿದ್ದೀಯ, ಒಳಗೆ ಅಳ್ತಿದ್ದೀಯ. ಅಜ್ಜಿಗೆ ಹೇಳಲ್ಲ ಬಿಡು."

ಆಮೇಲೆ ಅಜ್ಜಿ ಹತ್ರ ಹೋಗಿ ಒಂದು ಚೂರು ಎಲೆ ಇಸ್ಕೊಂಡು ಬಾಯಿಗೆ ಹಾಕಿಕೊಂಡಳು. ಒಂದು ಹನಿ ಕಣ್ಣೀರಿಲ್ಲ!

"ತುಂಬಾ ಚೆನ್ನಾಗಿದೆ ಅಜ್ಜೀ!" ಅಂತ ಮುಖ ಅರಳಿಸಿದಳು.

ನಮ್ಮ ಮನೇಲಿ ಈ ವಿದ್ಯೆ ಕಲಿಯೋಕೆ ಇನ್ನು ಬಾಕಿ ಇರೋನು ನಾನೊಬ್ಬನೇ.