ಸೊನ್ನೆ ಕಂಡರಾಗದ ನಮ್ಮ ಅತ್ತಿಗೆ

ನಮ್ಮ ಅತ್ತಿಗೆಗೆ ಸೊನ್ನೆ ಕಂಡರೆ ಆಗುವುದಿಲ್ಲ. ಐದೂ ಅಷ್ಟಕ್ಕಷ್ಟೇ. ಜಿರಳೆಯನ್ನು, ಪಕ್ಕದ ಮನೆಯ ಮೈಕನ್ನು, ಕೊನೆಗೆ ನಮ್ಮಣ್ಣನ ಗೊರಕೆಯನ್ನೂ ಸಹಿಸಬಲ್ಲ ಆಕೆ, ಯಾವುದಾದರೂ ಅಂಕಿ ಸೊನ್ನೆಯಲ್ಲಿ ಮುಗಿದರೆ ಮಾತ್ರ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಹೇಳಿದವರನ್ನು ಜೇಬುಗಳ್ಳನನ್ನು ನೋಡುವಂತೆ ನೋಡುತ್ತಾರೆ.

"ಎಷ್ಟಕ್ಕ ಎದ್ದಿ ಇವತ್ತು?"

"ಆರು ಗಂಟೆಗೆ ಅತ್ತಿಗೆ."

"ಸುಳ್ಳ!"

"ಆರು ಹನ್ನೆರಡಕ್ಕೆ."

"ಹಾಂ, ಹಂಗ ಹೇಳು. ಈಗ ಖರೆ ಅನಸ್ತದ."

ನಾನು ಎದ್ದದ್ದು ಎಂಟೂವರೆಗೆ!

ಇದು ಅರ್ಧ ಹುಟ್ಟುಗುಣ, ಇನ್ನರ್ಧ ಉದ್ಯೋಗದಿಂದ ಅಂಟಿಕೊಂಡದ್ದು. ಅತ್ತಿಗೆ ಧಾರವಾಡದವರು. ಅಣ್ಣ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಗೆ ಇಂಜಿನಿಯರಾಗಿ ಬಂದ, ಅತ್ತಿಗೆ ಅದೇ ಊರಿನಲ್ಲಿ ಹೊಳೆ ಮಳೆಗಳ ಲೆಕ್ಕ ಇಡುವ ಸರಕಾರಿ ಕಚೇರಿಯೊಂದಕ್ಕೆ ಸೇರಿದರು. ಸುತ್ತಲಿನ ಹೊಳೆಗಳ ದಡದಲ್ಲಿ ಮೀಟರು, ಸೆಂಟಿಮೀಟರು ಬರೆದ ಕಂಬಗಳನ್ನು ನೆಟ್ಟಿರುತ್ತಾರೆ. ಪ್ರತಿಯೊಂದಕ್ಕೂ ಒಬ್ಬ ಗೇಜ್ ರೀಡರ್. ಅವನು ಬೆಳಿಗ್ಗೆ ಎಂಟಕ್ಕೆ ಕಂಬದ ಬಳಿ ಹೋಗಿ, ನೀರು ಎಲ್ಲಿಗೆ ಮುಟ್ಟಿದೆ ಎಂದು ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಹೋಗದೆ, ಮನೆಯಲ್ಲಿ ಕಾಫಿ ಕುಡಿಯುತ್ತ ಬರೆದರೆ? ಅದನ್ನು ಹಿಡಿಯುವುದೇ ಅತ್ತಿಗೆಯ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದಾರೆ.

"ಮನಿಯೊಳಗ ಕೂತು ಬರಿಯೋರ ಕೈ ಸೊನ್ನೀಗೆ ಓಡ್ತದ, ಇಲ್ಲಾ ಐದಕ್ಕ. ನೀರಿಗೆ ಅಂಥಾ ಚಟ ಇಲ್ಲ ನೋಡು" ಎನ್ನುತ್ತಾರೆ.

ಇಂಥವರು ಹೆಣ್ಣು ನೋಡುವ ಶಾಸ್ತ್ರದಲ್ಲಿ ಸುಮ್ಮನೆ ಇದ್ದಾರೆಯೇ? ನಮ್ಮಣ್ಣ ಗತ್ತಿನಿಂದ "ನನ್ನ ಎತ್ತರ ಐದು ಅಡಿ ಹತ್ತು ಇಂಚು" ಎಂದನಂತೆ. ಹುಡುಗಿ ತಲೆಯೆತ್ತಿ ಬಾಗಿಲ ಚೌಕಟ್ಟನ್ನೊಮ್ಮೆ, ಇವನನ್ನೊಮ್ಮೆ ನೋಡಿ, "ಒಂಬತ್ತೂ ಕಾಲು ಇರಬೇಕು" ಎಂದಳಂತೆ. ಅಣ್ಣ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಬೆನ್ನು ನೆಟ್ಟಗೆ ಮಾಡಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಒಂದೇ ತೊಡಕು, ನಾನು ಅಲ್ಲಿ ಇರಲಿಲ್ಲ. ಮೇಲಾಗಿ ಅದು ಉಪ್ಪಿಟ್ಟಲ್ಲ, ಅವಲಕ್ಕಿ ಎಂದು ಅತ್ತಿಗೆ ಹೇಳುತ್ತಾರೆ. ಈ ಬರಹದ ಕರಡು ಓದಿ, ಇದೇ ಸಾಲಿನ ಪಕ್ಕ ಪೆನ್ಸಿಲಿನಲ್ಲಿ "ಸಂಶಯಾಸ್ಪದ" ಎಂದೂ ಬರೆದಿದ್ದಾರೆ. ಇರಲಿ, ಅಳಿಸುವುದಿಲ್ಲ. ಅವರ ಕಚೇರಿಯ ನಿಯಮವೂ ಅದೇ: ರಿಜಿಸ್ಟರಿನಲ್ಲಿ ಏನನ್ನೂ ಅಳಿಸುವಂತಿಲ್ಲ. ತಪ್ಪಿದ್ದರೆ ಕೆಳಗೆ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು.

ಒಮ್ಮೆ ಅಲ್ಲಿಯ ಸಿಂಹಾಚಲಂ ಬೆಟ್ಟದ ಗುಡಿಗೆ ಹೊರಟಾಗ, ಸಾವಿರ ಮೆಟ್ಟಿಲು ಎಂದು ಹೂವಿನವಳು ಬಾಯಿತಪ್ಪಿ ಹೇಳಿದಳು. ಮುಗಿಯಿತಲ್ಲ! ಅತ್ತಿಗೆ ಎಣಿಸತೊಡಗಿದರು. ಅರ್ಧ ದಾರಿಯಲ್ಲಿ ಅಣ್ಣ "ನೀರು ಬೇಕೇನೇ?" ಎಂದು ಕೇಳಿದ. ಎಣಿಕೆ ತಪ್ಪಿತು. ಅತ್ತಿಗೆ ಹಿಂತಿರುಗಿ, ಕೆಳಗಿಳಿದು, ಮೊದಲ ಮೆಟ್ಟಿಲಿನಿಂದ ಶುರು ಮಾಡಿದರು. ನಾವು ದರ್ಶನ ಮುಗಿಸಿ, ಪ್ರಸಾದದ ಪುಳಿಹೋರ ತಿಂದು, ಕೈ ತೊಳೆದು ಬಂದಾಗ ಬೆವರು ಸುರಿಸುತ್ತ ಮೇಲೆ ಬಂದರು. "ಎಷ್ಟು?" ಎಂದೆವು. "ದೇವರಿಗೆ ಹೇಳೇನಿ. ನಿಮಗ್ಯಾಕ?"

ಇನ್ನೊಮ್ಮೆ ವಿಮಾನದಲ್ಲಿ ವಿಜಯವಾಡದ ಗನ್ನವರಂ ನಿಲ್ದಾಣಕ್ಕೆ ಬಂದಿಳಿಯುವಾಗ ಪೈಲಟ್ ಮೈಕಿನಲ್ಲಿ, ನಾವೀಗ ಹತ್ತು ಸಾವಿರ ಅಡಿ ಎತ್ತರದಲ್ಲಿದ್ದೇವೆ ಎಂದನಂತೆ. ಅತ್ತಿಗೆ ಮೂರು ಸಾಲಿಗೆ ಕೇಳುವಂತೆ "ಸುಳ್ಳ!" ಎಂದರಂತೆ. ಆಮೇಲೆ ಇಳಿಯುವ ತನಕ ಪಕ್ಕದ ಸೀಟಿನವರು ಕೈಮುಗಿದುಕೊಂಡೇ ಕೂತಿದ್ದರಂತೆ.

ಹೀಗೆ ಜಗತ್ತು ಸುಳ್ಳು ಹೇಳುತ್ತ, ಅತ್ತಿಗೆ ಹಿಡಿಯುತ್ತ, ಎಲ್ಲ ಸುಸೂತ್ರವಾಗಿ ನಡೆದಿತ್ತು. ಅಷ್ಟರಲ್ಲಿ ಮಳೆ ಕೆಟ್ಟಿತು. ಬರಲಿಲ್ಲ ಎಂದಲ್ಲ, ಲೆಕ್ಕ ಬಿಟ್ಟು ಬರತೊಡಗಿತು. ತಿಂಗಳಿಡೀ ಸುರಿಯಬೇಕಾದದ್ದು ಒಂದೇ ಮಧ್ಯಾಹ್ನ ಸುರಿದು, ಮತ್ತೆ ತಿಂಗಳುಗಟ್ಟಲೆ ಪತ್ತೆಯಿಲ್ಲ. ಕಚೇರಿಯ ಕಂಪ್ಯೂಟರಿಗೆ ಪ್ರತಿ ಹೊಳೆಗೂ ಇಂತಿಷ್ಟೇ ಎಂದು ಹಳೆಯ ವರ್ಷಗಳ ದಾಖಲೆ ನೋಡಿ ಮಿತಿ ಹಾಕಿದ್ದರು. ಅದನ್ನು ದಾಟಿದ ಅಂಕಿ ಪರದೆಯ ಮೇಲೆ ಕೆಂಪಾಗುತ್ತಿತ್ತು. ಮೊದಲು ವರ್ಷಕ್ಕೊಮ್ಮೆ ಕೆಂಪಾಗುತ್ತಿದ್ದ ಪರದೆ ಈಗ ವಾರಕ್ಕೊಮ್ಮೆ ಕೆಂಪು.

"ಮೊದಲ ಮಂದಿ ಅಷ್ಟ ಸುಳ್ಳ ಹೇಳ್ತಿದ್ರು. ಈಗ ಮೋಡಾನೂ ಕಲತಾವ" ಎಂದು ಅತ್ತಿಗೆ ಊಟದ ಹೊತ್ತಿಗೆ ಗೊಣಗುತ್ತಿದ್ದರು.

ಅಂಥದ್ದೊಂದು ಕೆಂಪು ಅಂಕಿ ಅನಕಾಪಲ್ಲಿಯ ಆಚೆಗಿನ ಒಂದು ಹೊಳೆಯಿಂದ ಬಂತು. ಅಲ್ಲಿಯ ರೀಡರ್ ಅಪ್ಪಲಸ್ವಾಮಿ. ಅತ್ತಿಗೆ ಅವನ ಮುಖ ಕಂಡವರಲ್ಲ, ಅವನು ಬರೆಯುವ ಏಳು ಮಾತ್ರ ಗೊತ್ತು. ಕೊಕ್ಕರೆಯಂತೆ ಕತ್ತು ಬಗ್ಗಿಸಿದ ಏಳು. ಆ ಹೊಳೆಯ ದಡದ ಇಳಿಜಾರಿನಲ್ಲಿ ಮೆಟ್ಟಿಲಿನಂತೆ ನೆಟ್ಟ ಆಳೆತ್ತರದ ಕಂಬಗಳಲ್ಲಿ, ಎಲ್ಲಕ್ಕಿಂತ ಮೇಲಿನದರ ತುದಿಯೇ ಏಳು ಮೀಟರ್. ಅಪ್ಪಲಸ್ವಾಮಿ ಬರೆದದ್ದು ಎಂಟು. ಎಂಟೂ ಚಿಲ್ಲರೆಯಲ್ಲ, ಎಂಟು ಬಿಂದು ಸೊನ್ನೆ ಸೊನ್ನೆ! ಎರಡು ಸೊನ್ನೆ ಒಟ್ಟಿಗೆ! ಪಕ್ಕದಲ್ಲಿ ಹೊಸದಾಗಿ ಕೂರಿಸಿದ್ದ, ತಾನೇ ನೀರಳೆಯುವ ಯಂತ್ರವನ್ನು ಕೇಳೋಣವೆಂದರೆ ಅದು ಅದೇ ನೀರಿನಲ್ಲಿ ಕೊಚ್ಚಿಹೋಗಿತ್ತು.

ಅತ್ತಿಗೆ ಅವನ ರಿಜಿಸ್ಟರಿನ ಆ ಅಂಕಿಯ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು "ನಂಬಲರ್ಹವಲ್ಲ" ಎಂದು ಬರೆದರು. ಮೇಲಿನವರು ಅಪ್ಪಲಸ್ವಾಮಿಗೆ ಮೆಮೋ ಕೊಟ್ಟರು. ಸುಳ್ಳು ಬರೆಯುವ ಮನುಷ್ಯ ಯಾಕೆ, ಹೊಸ ಯಂತ್ರ ಹಾಕಿ ಅವನನ್ನು ಬಿಡಿಸಿದರಾಯಿತು ಎಂದು ಫೈಲು ಹೊರಟಿತು. ಹಬ್ಬಕ್ಕೆ ಹೋದಾಗ ಅತ್ತಿಗೆ ಇದನ್ನು ನನಗೆ ಹೆಮ್ಮೆಯಿಂದಲೇ ಹೇಳಿದ್ದರು.

ನಾನಿರುವುದು ವಿಜಯವಾಡದಲ್ಲಿ, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ಆ ಹಬ್ಬದ ಬೆನ್ನಿಗೇ ನಮ್ಮ ಬೀದಿಗೆ ನೀರು ನುಗ್ಗಿತು. ನೆಲಮಹಡಿಯ ನನ್ನ ಬಾಡಿಗೆ ಮನೆಯಲ್ಲಿ ಚಾಪೆ, ಚಪ್ಪಲಿ, ಗ್ಯಾಸ್ ಸಿಲಿಂಡರ್ ಎಲ್ಲವೂ ಈಜು ಕಲಿತವು. ಮಾಲೀಕರ ಮಹಡಿಯಲ್ಲಿ ನಿಂತು ಅತ್ತಿಗೆಗೆ ಫೋನು ಮಾಡಿದೆ.

"ಅತ್ತಿಗೆ, ಸೊಂಟದವರೆಗೂ ನೀರು!"

"ಎಲ್ಲಾರೂ ಸೊಂಟದ ತನಕ ಅಂತಾರ. ಯಾರ ಸೊಂಟ?"

"ನನ್ನದೇ! ನಾನು ಸಾಯುತ್ತಿದ್ದೇನೆ ಇಲ್ಲಿ!"

"ಸಾಯೋರು ಫೋನ್ ಮಾಡೂದಿಲ್ಲ. ಗ್ವಾಡಿ ಮ್ಯಾಲೆ ಗೆರಿ ಉಳೀತದ, ಒರಸಬ್ಯಾಡ. ನಾ ಬರತೇನಿ."

ಬಂದರು. ನೀರು ಇಳಿದ ಮರುದಿನ ರೈಲಿನಲ್ಲಿ ಬಂದಿಳಿದ ಅತ್ತಿಗೆಯ ಚೀಲದಲ್ಲಿ ಚಟ್ನಿಪುಡಿ, ಎರಡು ಹೊದಿಕೆ, ಡೆಟಾಲು, ಜೊತೆಗೆ ಅಳತೆಯ ಟೇಪು! ನನ್ನ ಕ್ಷೇಮ ವಿಚಾರಿಸುವ ಮೊದಲು ಗೋಡೆಯ ಕೆಸರುಗೆರೆಗೆ ಟೇಪು ಹಿಡಿದರು. ನೋಡಿದರು. ಕನ್ನಡಕ ಒರೆಸಿ ಮತ್ತೆ ಹಿಡಿದರು. ಅಡುಗೆಮನೆಗೆ ಹೋಗಿ ಅಲ್ಲಿಯ ಗೋಡೆಗೂ ಹಿಡಿದರು.

ಸರಿಯಾಗಿ ತೊಂಬತ್ತು ಸೆಂಟಿಮೀಟರ್. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಸೊನ್ನೆ ಬಂತಲ್ಲ ಅತ್ತಿಗೆ!" ಎಂದು ನಾನು ನಕ್ಕೆ. ಅವರು ನಗಲಿಲ್ಲ. ಒದ್ದೆ ಮಂಚದ ಅಂಚಿನಲ್ಲಿ ಕೂತು ಟೇಪನ್ನು ಎಳೆಯುವುದು, ಬಿಡುವುದು ಮಾಡುತ್ತಿದ್ದರು.

"ಹತ್ತರಾಗ ಒಂದ್ ಸಲ ನೀರು ಸೊನ್ನಿ ಮ್ಯಾಲೆ ನಿಲ್ಲಲೇಬೇಕಲ್ಲಪಾ" ಎಂದರು ಕೊನೆಗೆ. "ಒಂದ್ ಸೊನ್ನಿ ಕಂಡ್ರ ಸುಳ್ಳ ಅನಬಾರದು, ಸಾಲಾಗಿ ಕಂಡ್ರ ಅನಬೇಕು. ಇದನ್ನ ಹೊಸಬರಿಗೆ ಕಲಸೋಕಿ ನಾನ. ಅವನ ಹಿಂದಿನ ಪಾನ ತಿರಗಿಸಿ ನೋಡಲೇ ಇಲ್ಲ ನಾ."

"ಯಾರ ಪುಟ ಅತ್ತಿಗೆ?"

"ಅಪ್ಪಲಸ್ವಾಮೀದು."

ನಾಲ್ಕು ದಿನದ ಮೇಲೆ ನಾನು, ಅತ್ತಿಗೆ, ಅಪ್ಪಲಸ್ವಾಮಿಯ ರಿಜಿಸ್ಟರು, ಮೂವರೂ ವಿಶಾಖಪಟ್ಟಣದಿಂದ ಬಾಡಿಗೆ ಕಾರಿನಲ್ಲಿ ಅನಕಾಪಲ್ಲಿ ದಾಟಿದೆವು. ದಾರಿಯುದ್ದಕ್ಕೂ ಬೆಲ್ಲದ ವಾಸನೆ. ಮಾರುಕಟ್ಟೆಯ ಬಳಿ ಬೆಲ್ಲದವನೊಬ್ಬ ಅಚ್ಚು ಎತ್ತಿ ಹಿಡಿದು "ಹತ್ತು ಕಿಲೋ ಅಂಡೀ!" ಎಂದು ಕೂಗಿದ. ಅತ್ತಿಗೆ ತಿರುಗಿಯೂ ನೋಡಲಿಲ್ಲ. ಆಗ ನನಗೆ ನಿಜಕ್ಕೂ ಗಾಬರಿಯಾಯಿತು.

ಅಪ್ಪಲಸ್ವಾಮಿ ಬಿಳಿ ಮೀಸೆಯ, ಹೆಗಲ ಮೇಲೆ ಟವೆಲಿನ ಸಣಕಲು ಮನುಷ್ಯ. ಕಂಬದ ಬಳಿಯೇ ಸಿಕ್ಕ. ಕಚೇರಿಯಿಂದ ಬಂದವರು ಎಂದ ಕೂಡಲೆ, ಬಿಡಿಸುವ ಕಾಗದವೇ ಬಂತೆಂದು ತಿಳಿದು ಕೈ ಚಾಚಿದ. ಅತ್ತಿಗೆ ಕಾಗದದ ಬದಲು ಟೇಪು ತೆಗೆದರು.

"ಆವತ್ತು ಹೇಗೆ ಅಳೆದಿರಿ, ತೋರಿಸಿ" ಎಂದರು ತೆಲುಗಿನಲ್ಲಿ.

ಅವನು ದಡದ ತಾಳೆಮರ ತೋರಿಸಿದ. ಕಂಬ ಮುಳುಗಿದ ಮೇಲೆ ನೀರು ಆ ಮರದ ಬುಡಕ್ಕೆ ಬಂದಿತ್ತಂತೆ. ನೀರು ಮುಟ್ಟಿದ ಅತಿ ಎತ್ತರಕ್ಕೆ ಮೊಳೆ ಹೊಡೆದು, ಇಳಿದ ಮೇಲೆ ಅಳಿಯನ ಪೈಪು ತಂದು ಮಟ್ಟ ನೋಡಿದನಂತೆ. ಅಳಿಯ ಮೇಸ್ತ್ರಿ. ಮನೆ ಕಟ್ಟುವಾಗ ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪು ಹಿಡಿಯುತ್ತಾರಲ್ಲ, ಅದು. ಅದೇ ಪೈಪು ಮತ್ತೆ ಬಂತು. ಒಂದು ತುದಿಯನ್ನು ಕಂಬದ ನೆತ್ತಿಗೆ ನಾನು ಹಿಡಿದೆ. ಪ್ಯಾಂಟು ಮೊಣಕಾಲವರೆಗೂ ಕೆಸರಾಯಿತು. (ಪೆನ್ಸಿಲ್ ಟಿಪ್ಪಣಿ: "ಪಾದದ ತನಕ ಅಷ್ಟ.") ಇನ್ನೊಂದು ತುದಿ ಮರಕ್ಕೆ. ಅಲ್ಲಿಂದ ಮೊಳೆಯವರೆಗೆ ಅತ್ತಿಗೆ ಟೇಪು ಎಳೆದರು.

ಒಂದು ಮೀಟರ್. ಸರಿಯಾಗಿ. ಏಳಕ್ಕೆ ಒಂದು ಕೂಡಿದರೆ ಎಂಟು.

"ಒಂದು ಸೆಂಟಿಮೀಟರ್ ಆಚೀಚೆ ಬರೆದಿದ್ದರೂ ನಾನು ಇಷ್ಟು ಅನುಮಾನ ಪಡುತ್ತಿರಲಿಲ್ಲ" ಎಂದರು ಅತ್ತಿಗೆ, ತಮಗೇ ಹೇಳಿಕೊಳ್ಳುವಂತೆ.

"ಗೊತ್ತಮ್ಮಗಾರೂ" ಎಂದ ಅಪ್ಪಲಸ್ವಾಮಿ. "ವಿಶಾಖಪಟ್ಟಣದಲ್ಲಿ ಒಬ್ಬರು ಅಮ್ಮಗಾರು ಇದ್ದಾರೆ, ಅವರಿಗೆ ಸೊನ್ನೆ ಹಿಡಿಸುವುದಿಲ್ಲ ಅಂತ ರೀಡರುಗಳಿಗೆಲ್ಲ ಗೊತ್ತು. ಮನೆಯಲ್ಲಿ ಕೂತು ಬರೆಯುವವರು ಹತ್ತು ವರ್ಷದಿಂದ ಮೂರು, ಏಳೇ ಹಾಕುತ್ತಾರೆ. ಅವರಿಗೆ ಯಾರಿಗೂ ಮೆಮೋ ಬಂದಿಲ್ಲ."

ಅತ್ತಿಗೆ ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡರು. ಇಪ್ಪತ್ತೆರಡು ವರ್ಷ ಸುಳ್ಳಿನ ವಾಸನೆ ಹಿಡಿದ ಮೂಗು!

"ಮತ್ತೆ ನೀವು ಯಾಕೆ ಹಾಗೆ ಬರೆಯಲಿಲ್ಲ?"

"ನೀರು ಅಲ್ಲೇ ನಿಂತಿತ್ತಲ್ಲಮ್ಮಾ. ನಾನೇನು ಮಾಡಲಿ?"

ಅತ್ತಿಗೆ ಹೊಳೆಯ ದಡದ ಕಲ್ಲಿನ ಮೇಲೆ ಕೂತು, ರಿಜಿಸ್ಟರು ತೊಡೆಯ ಮೇಲಿಟ್ಟು, ತಮ್ಮದೇ ಕೆಂಪು ಗೆರೆಯ ಕೆಳಗೆ ಬರೆದರು. ಇಂಗ್ಲಿಷಿನಲ್ಲಿ ಬರೆದದ್ದನ್ನು ತೆಲುಗಿನಲ್ಲಿ ಅವನಿಗೆ ಓದಿ ಹೇಳಿದರು: "ಅಳತೆ ಸರಿಯಾಗಿದೆ. ತಪ್ಪು ಪರಿಶೀಲಿಸಿದವರದು."

ಅಪ್ಪಲಸ್ವಾಮಿ ಕಂಗಾಲಾದ. "ತಪ್ಪು ಅಂತ ಬರೆಯಬೇಡಿ ಅಮ್ಮಾ! ನಿಮಗೂ ಮೆಮೋ ಕೊಡುತ್ತಾರೆ!"

"ಕೊಡಲಿ ಬಿಡಿ" ಎಂದು ಅತ್ತಿಗೆ ಸಹಿ ಹಾಕಿದರು.

ಕೊಟ್ಟರು ಕೂಡ. ಆದರೆ ಅವನನ್ನು ಬಿಡಿಸುವ ಫೈಲು ಅಲ್ಲಿಗೇ ನಿಂತಿತು. ಹಳೆಯ ಮಿತಿಗಳನ್ನು ತಿದ್ದುವ ಕೆಲಸ ಅತ್ತಿಗೆಯ ತಲೆಗೇ ಬಂತು. ಹೊಸ ಯಂತ್ರ ಕೂತಿದೆ, ಅದರ ಪಕ್ಕದಲ್ಲಿ ಅಪ್ಪಲಸ್ವಾಮಿಯೂ ಇದ್ದಾನೆ.

ಆ ಸಹಿಯ ಹೊತ್ತಿಗೆ ತುಂತುರು ಶುರುವಾಗಿತ್ತು ಎಂದು ನನ್ನ ನೆನಪು. ಯಾಕೆಂದರೆ ಹಾಳೆಯ ಮೇಲೆ ಒಂದು ಹನಿ ಬಿದ್ದು ಶಾಯಿ ಕದಡಿತು. ಅಪ್ಪಲಸ್ವಾಮಿ ಹೆಗಲ ಟವೆಲನ್ನು ಎರಡೂ ಕೈಯಿಂದ ರಿಜಿಸ್ಟರಿನ ಮೇಲೆ ಚಪ್ಪರದಂತೆ ಹಿಡಿದು, ಸಹಿ ಒಣಗುವವರೆಗೂ ಹೊಳೆಯ ಕಡೆಗೆ ಮುಖ ತಿರುಗಿಸಿ ನಿಂತಿದ್ದ.

ಓದುತ್ತ ಇಲ್ಲಿಗೆ ಬಂದಾಗ ಅತ್ತಿಗೆ ಕರಡನ್ನು ಕೆಳಗಿಟ್ಟರು. "ಆವತ್ತು ತುಂತುರು ಎಲ್ಲೆ ಇತ್ತೋ? ಸುಡು ಸುಡು ಬಿಸಲು. ರಿಜಿಸ್ಟರಿನ ಮಳಿ ಕಾಲಮಿನಾಗ ಅವಾ ಸೊನ್ನಿ ಬರದಾನ, ನಾನ ಸಹಿ ಮಾಡೇನಿ."

"ಹಾಗಾದರೆ ಆ ಹನಿ ಎಲ್ಲಿಂದ ಬಿತ್ತು ಅತ್ತಿಗೆ?"

ಅವರು ಪೆನ್ಸಿಲು ಎತ್ತಿಕೊಂಡರು, ಆ ಸಾಲಿನ ಪಕ್ಕಕ್ಕೆ ತಂದರು, ಏನೂ ಬರೆಯದೆ ಕೆಳಗಿಟ್ಟರು.