ಮಿಂಚುವ ಪ್ಯಾಂಟಿನವರಲ್ಲಿ ನಮ್ಮವ ಯಾರು?

ನಾನು ಮೊದಲ ಸರ್ತಿ ಮನೆ ಬಿಟ್ಟು ಹೋದದ್ದು ನಾಗರ ಪಂಚಮಿಯ ದಿನ. ಹಬ್ಬಕ್ಕೆಂದು ಉಪ್ಪಿನಬೆಟಗೇರಿಯ ತವರಿಗೆ ಬಂದಿದ್ದ ಅಕ್ಕ ಜೋಕಾಲಿಯ ಮೇಲೆ ಕೂತಿದ್ದಳು. ತೂಗಲಿಕ್ಕೆ ನನ್ನನ್ನು ನಿಲ್ಲಿಸಿದ್ದರು. ಜೋರಾಗಿ ಒಂದು ಸಲ ತೂಗಿದೆ. ಜೋಕಾಲಿ ಆ ತುದಿಗೆ ಹೋಗಿ ಈ ತುದಿಗೆ ಬರುವಷ್ಟರಲ್ಲಿ ನಾನು ಇರಲಿಲ್ಲ. ಸಾಲಿ ಅದಕ್ಕಿಂತ ಮೊದಲೇ ಬಿಟ್ಟಾಗಿತ್ತು. ಅವತ್ತಿನಿಂದ ಕಾಲು ಒಂದು ಕಡೆ ನಿಂತಿಲ್ಲ. ಎಲ್ಲಿಗೆ ಹೋದರೂ ಎದೆ ಧಸಕ್ಕೆನ್ನುವಂಥದ್ದು ಏನಾದರೊಂದು ನಡೆಯದೆ ಬಿಟ್ಟಿಲ್ಲ. ಆದರೆ ಮೊನ್ನೆ ಹುಬ್ಬಳ್ಳಿಯಲ್ಲಿ ಒಂದೇ ಸಿನಿಮಾದೊಳಗೆ ಆದಷ್ಟು ಎಲ್ಲೂ ಆಗಿಲ್ಲ.

ಓಡಿಹೋದವನು ಮುಟ್ಟಿದ್ದು ಮುಂಬೈಯನ್ನು. ಅಲ್ಲಿ ಒಂದು ಸ್ಟುಡಿಯೋದ ಕ್ಯಾಂಟೀನಿನಲ್ಲಿ ಚಹಾ ಹಂಚುತ್ತಿದ್ದೆ. ಡಿಸ್ಕೋ ಹುಚ್ಚಿನ ಕಾಲ. ಒಂದು ದಿನ ಡಾನ್ಸ್ ಮಾಸ್ತರಿಗೆ ಹುಡುಗರು ಕಡಿಮೆ ಬಿದ್ದರು. ನನ್ನ ಕೈಯಿಂದ ಕೆಟಲಿ ಕಸಿದು, ಮಿಂಚುವ ಪ್ಯಾಂಟು ತೊಡಿಸಿ, ಹೀರೋನ ಹಿಂದೆ ಕುಣಿಯಲು ನಿಲ್ಲಿಸಿದರು. ಆ ಸಿನಿಮಾ ದೇಶವನ್ನೆಲ್ಲ ಕುಣಿಸಿತು. ನಾನು ಮಾತ್ರ ನೋಡಲಿಲ್ಲ. ಅದು ಬಂದ ಊರಲ್ಲಿ ನಾನಿಲ್ಲ, ನಾನಿದ್ದ ಊರಿಗೆ ಅದು ಬರಲಿಲ್ಲ.

ಈ ಸಲ ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿರುವ ಅಕ್ಕನ ಮನೆಗೆ ಬಂದು ಇನ್ನೂ ಚೀಲ ಇಳಿಸಿರಲಿಲ್ಲ, ಸಪ್ತಾಪುರದ ಕಾಲೇಜಿನಲ್ಲಿ ಕಲಿಸುವ ಅಕ್ಕನ ಮಗಳು ಸುದ್ದಿ ತಂದಳು: ಆ ಸಿನಿಮಾವನ್ನು ತಿಕ್ಕಿ ತೊಳೆದು ಹೊಸದು ಮಾಡಿದ್ದಾರೆ, ರವಿವಾರ ಮಾಲಿನ ಥಿಯೇಟರಿನಲ್ಲಿ ಒಂದೇ ಆಟ. ಅಕ್ಕ ನಾದುತ್ತಿದ್ದ ರೊಟ್ಟಿ ಹಿಟ್ಟು ಬಿಟ್ಟು ಎದ್ದಳು.

“ನಿನ್ನ ಆ ವಯಸ್ಸಿನ ಫೋಟೋ ಒಂದೂ ಇಲ್ಲ ನಮ್ಮ ಕಡೆ. ಸಾಲಿ ಬಿಡಲಿಲ್ಲಂದ್ರ ಸಾಲಿ ಫೋಟೋದಾಗರ ಇರತಿದ್ದಿ. ಹೋಗೋ ಮುಂದ ನಿನ್ನ ಮುಖ ಹೆಂಗಿತ್ತು, ನನಗ ಮರತ ಹೋಗೇತಿ. ಒಮ್ಮೆ ನೋಡಿಬಿಡ್ತೇನಿ, ನಡೀರಿ.”

ಬುತ್ತಿ

ಅಕ್ಕ ಎಲ್ಲಿಗೆ ಹೋದರೂ ಬುತ್ತಿ ಕಟ್ಟದೆ ಹೋದವಳಲ್ಲ. ಥಿಯೇಟರಿನ ಬಾಗಿಲಲ್ಲಿ ಗಾರ್ಡು ಚೀಲ ತೆಗೆಸಿದ. ರೊಟ್ಟಿ, ಎಣ್ಣಿಗಾಯಿ, ಶೇಂಗಾ ಚಟ್ನಿ, ಮೊಸರು.

“ಅಮ್ಮಾರ, ಹೊರಗಿನ ಊಟ ಒಳಗ ಬಿಡಂಗಿಲ್ರಿ.”

“ಒಳಗ ಬಿಡದಿದ್ರ ಇಲ್ಲೇ ಉಂಡು ಹೋಗ್ತೀವಿ,” ಎಂದು ಅಕ್ಕ ಅಲ್ಲೇ ಮಿಂಚುವ ನೆಲದ ಮೇಲೆ ಬುತ್ತಿ ಬಿಚ್ಚಿದಳು. ನಾನು ಗಾಬರಿಯಾಗಿ ಅತ್ತಿತ್ತ ನೋಡಿದೆ.

“ನಿಂದು ಊಟ ಆತೇನಪಾ?” ಅಕ್ಕ ಗಾರ್ಡನ್ನು ಕೇಳಿದಳು.

“ಇನ್ನೂ ಇಲ್ರಿ.”

“ಹಂಗಾರ ಕುಂದ್ರು.”

ಅವನು ಕೂತ. ಎರಡನೆಯ ರೊಟ್ಟಿ ಮುರಿಯುವಾಗ ಇನ್ನೊಂದು ಕುಟುಂಬ ಡಬ್ಬಿ ಹಿಡಿದು ಬಂತು. ಬಾಯಲ್ಲಿ ತುತ್ತು ಇಟ್ಟುಕೊಂಡೇ ಅವನು ಕರ್ತವ್ಯ ಮಾಡಿದ: “ಒಳಗ ಬಿಡಂಗಿಲ್ರಿ. ಇಲ್ಲೇ ಕುಂದರ್ರಿ.”

ಅರಳಿ ಖರೀದಿ

ಅಕ್ಕನ ಗಂಡ ಅರಳಿ, ಅಂದರೆ ಹತ್ತಿಯ ವ್ಯಾಪಾರಿ. ನಾನು ಮಾಮಾ ಅನ್ನುತ್ತೇನೆ. ಹಣೆ ತುಂಬ ವಿಭೂತಿ, ಹೆಗಲ ಮೇಲೆ ಟವೆಲ್ಲು, ನಕ್ಕದ್ದು ಮದುವೆಯ ದಿನವೂ ಯಾರೂ ಕಂಡಿಲ್ಲ. ಬಲವಂತಕ್ಕೆ ಬಂದಿದ್ದರು.

ಮೊದಲ ಹಾಡು ಶುರುವಾಯಿತು. ನನ್ನ ಕುರ್ಚಿ ಅಲುಗಾಡತೊಡಗಿತು. ನೋಡಿದರೆ ಮಾಮಾನ ಕಾಲು. ಆಮೇಲೆ ಭುಜ. ಆಮೇಲೆ ಬಾಯಿ. ಹಾಡಿನ ಒಂದು ಅಕ್ಷರವನ್ನೂ ಬಿಡದೆ, ಹೀರೋಗಿಂತ ಅರ್ಧ ಮಾತು ಮುಂದೆಯೇ ಹಾಡುತ್ತಿದ್ದಾರೆ. ನಾನು ತೆರೆದ ಬಾಯಿ ಮುಚ್ಚಲಿಲ್ಲ.

“ಈ ಸಿನಿಮಾ ಯಾವಾಗ ನೋಡಿದ್ರಿ?” ಅಕ್ಕ ಕೇಳಿದಳು.

“ಆಗ ಗದಗಿಗೆ ಅರಳಿ ಖರೀದಿಗೆ ಹೋಗ್ತಿದ್ನೆಲ್ಲ, ಆವಾಗ.”

“ವಾರಾ ವಾರಾ ಹೋಗ್ತಿದ್ರಿ.”

“ನಿನ್ನ ತಮ್ಮ ಇದರಾಗ ಅದಾನಂತ ಲಾರಿಯವರು ಹೇಳಿದ್ರು. ಕಾಣ್ತಾನೇನಂತ ನೋಡಾಕ ಹೋಗ್ತಿದ್ದೆ.”

ಅಕ್ಕನ ದನಿ ಮೆತ್ತಗಾಯಿತು. “ಕಂಡ್ನೇನು?”

“ಹಾಡು ಸುರು ಆದ ಮ್ಯಾಲ ನೋಡೋದು ಮರತು ಬಿಡ್ತಿದ್ದೆ.”

ಬೆರಳಿನ ಮಾತು

ಕೊನೆಗೆ ನನ್ನ ಹಾಡು ಬಂತು. ನಾನು ಕುರ್ಚಿಯ ತುದಿಗೆ ಸರಿದೆ. ಹೀರೋನ ಹಿಂದೆ ಒಂದು ದಂಡೇ ಬಂತು. ಎಲ್ಲರಿಗೂ ಒಂದೇ ಥರದ ಗುಂಗುರು ಕೂದಲ ವಿಗ್ಗು, ಒಂದೇ ಥರದ ಕಪ್ಪು ಕನ್ನಡಕ, ಒಂದೇ ಥರದ ಮಿಂಚುವ ಪ್ಯಾಂಟು. ಅವರಲ್ಲಿ ನಾನು ಯಾರೆಂದು ನನಗೇ ತಿಳಿಯಲಿಲ್ಲ.

“ಎಲ್ಲಿದ್ದೀಯೋ?” ಅಕ್ಕ ತಿವಿದಳು.

“ಹುಡುಕಾಕತ್ತೇನಿ.”

ಹುಡುಕುವುದರೊಳಗೆ ಹಾಡು ಮುಗಿಯಿತು. ಅಕ್ಕ ಎದ್ದು ನಿಂತು “ಒನ್ಸ್ ಮೋರ್” ಅಂದಳು. ಹುಬ್ಬಳ್ಳಿಯ ಹಳೇ ಟಾಕೀಸುಗಳಲ್ಲಿ ಹಾಗೆ ಕೂಗಿದರೆ ಆಪರೇಟರು ರೀಲು ಹಿಂದೆ ಸುತ್ತಿ ಹಾಡು ಮತ್ತೆ ಹಚ್ಚುತ್ತಿದ್ದ. ಥಿಯೇಟರಿನ ತುಂಬ ಅದೇ ಕಾಲದ ಬಿಳಿ ತಲೆಗಳು. ಎಲ್ಲರೂ ಕೂಗಿದರು. ಸೀಟಿ ಬೇರೆ. ಎಳೇ ಮ್ಯಾನೇಜರು ಓಡಿ ಬಂದ.

“ಇದು ರೀಲ್ ಅಲ್ರಿ, ಕಂಪ್ಯೂಟರ್. ಹಿಂದ ಒಯ್ಯಾಕ ನಮಗ ಪರವಾನಗಿ ಇಲ್ರಿ.”

ಮಾಮಾ ಎದ್ದರು. ಹೆಗಲ ಟವೆಲ್ಲು ತೆಗೆದು ಅವನ ಕೈ ಮೇಲೆ ಹೊದಿಸಿ, ಕೆಳಗೆ ಅವನ ಬೆರಳು ಹಿಡಿದರು. ಅವರ ವ್ಯಾಪಾರದಲ್ಲಿ ದರವನ್ನು ಬಾಯಿಂದ ಆಡುವುದಿಲ್ಲ, ಪಕ್ಕದವರಿಗೆ ತಿಳಿಯದಂತೆ ಟವೆಲ್ಲಿನೊಳಗೆ ಬೆರಳು ಒತ್ತಿ ಹೇಳುತ್ತಾರೆ. ಹುಡುಗ ಬೆವೆತುಹೋದ.

“ಸರ್, ಕೈ ಬಿಡ್ರಿ. ಏನ್ ಮಾಡಾಕತ್ತೀರಿ?”

“ಆತು, ಮುಗೀತು. ಇನ್ನೊಮ್ಮೆ ಹಚ್ತೇನಿ ಅಂದಿ. ಹೋಗಿ ಹಚ್ಚು.”

“ನಾ ಏನೂ ಅಂದಿಲ್ರಿ.”

“ನೀ ಅಂದಿಲ್ಲ. ನಿನ್ನ ಬೆರಳು ಅಂದೈತಿ.”

ನಮ್ಮವ

ಹಾಡು ಮತ್ತೆ ಬಂತು. ಈ ಸಲ ಅಕ್ಕ ನನ್ನನ್ನು ಕೇಳಲೂ ಇಲ್ಲ. ಸೀರೆಯ ಸೆರಗು ಸಿಗಿಸಿ ನೆಟ್ಟಗೆ ಪರದೆಯ ಕಡೆ ನಡೆದಳು. ಹೀರೋನ ಪಕ್ಕದಲ್ಲೇ ಒಬ್ಬ ಕುಣಿಯುತ್ತಿದ್ದ. ಎತ್ತರ, ಉದ್ದ ಮೂಗು, ಸೊಂಟ ಬೆಣ್ಣೆಯ ಹಾಗೆ ತಿರುಗುತ್ತಿತ್ತು. ಅಕ್ಕ ಅವನ ಮುಖ ನಿವಾಳಿಸಲು ಕೈ ಚಾಚಿದಳು. ಮುಖ ಎಲ್ಲೋ ಮೇಲೆ. ಕೈಗೆ ಎಟುಕಿದ್ದು ಅವನ ಬೂಟು. ಬೂಟನ್ನೇ ಎರಡೂ ಕೈಯಿಂದ ಸವರಿ, ಬೆರಳು ತನ್ನ ಹಣೆಗೆ ಒತ್ತಿ ನೆಟಿಗೆ ಮುರಿದಳು.

ನಾನು ಓಡಿದೆ. “ಅಕ್ಕಾ, ಅಂವ ನಾನಲ್ಲ.”

“ಸುಮ್ಮನಿರು. ನನ್ನ ತಮ್ಮ ನನಗ ಗೊತ್ತಿಲ್ಲೇನು?”

ಅಷ್ಟರಲ್ಲಿ ನನಗೆ ನಾನು ಸಿಕ್ಕಿದ್ದೆ. ಎಲ್ಲರೂ ಇತ್ತ ತಿರುಗಿದಾಗ ಒಬ್ಬನೇ ಅತ್ತ ತಿರುಗಿದ್ದ. ಮಾಸ್ತರು ಬೈದದ್ದು ಆಗ ನೆನಪಾಯಿತು. “ಅಲ್ಲಿ, ಮೂಲ್ಯಾಗ. ಅಂವ ನಾನು.”

ಅಕ್ಕ ಕಣ್ಣು ಕಿರಿದು ಮಾಡಿ ನೋಡಿದಳು. “ಬರೇ ಬೆನ್ನು ಕಾಣ್ತೈತೆಲ್ಲೋ.”

ಹಾಡು ಮುಗಿಯುವ ತನಕ ನೋಡಿದೆವು. ಅವನು ಈ ಕಡೆ ತಿರುಗಲೇ ಇಲ್ಲ. ಅಕ್ಕ ಕಣ್ಣು ಒರೆಸಿಕೊಂಡು, ಬೂಟಿನವನ ಕಡೆ ಒಮ್ಮೆ ನೋಡಿ, “ಇರಲಿ ಬಿಡು. ಇಂವನೂ ಯಾರದೋ ತಮ್ಮ ಇರಬೇಕು,” ಅಂದಳು.

ಅಕ್ಕನ ಮಗಳು ಮೊಬೈಲಿನಲ್ಲಿ ಆ ಬೂಟು ಸವರಿದ ಕ್ಷಣವನ್ನು ಹಿಡಿದಿದ್ದಳು. ಮರುದಿನ ನೋಡಿದರೆ ಅದು ದೊಡ್ಡ ಫೋಟೋ ಆಗಿ ಕಟ್ಟು ಹಾಕಿಸಿಕೊಂಡು ಪಡಸಾಲೆಯ ಗೋಡೆಗೆ ಏರಿತ್ತು. ಬೂಟಿನವ, ಬೂಟು, ಅಕ್ಕನ ಎರಡು ಕೈ.

“ಅಕ್ಕಾ, ಇಂವ ಯಾರಂತ ಯಾರಿಗೂ ಗೊತ್ತಿಲ್ಲ.”

“ನಿನ್ನ ಮುಖ ಅಂತೂ ಸಿಗಲಿಲ್ಲ. ನೀ ಹೋದ ಮ್ಯಾಲ ನೋಡಾಕ ಯಾವುದರ ಒಂದು ಮುಖ ಬೇಕಲ್ಲ. ಇಂವ ಹೆಂಗಿದ್ರೂ ಹಾಕಿದಲ್ಲೇ ಇರತಾನ.”

ನಾನು ಚೀಲ ತೆಗೆದು ಅಂಗಿ ತುಂಬತೊಡಗಿದೆ. ಗೋವೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಷ್ಟರಲ್ಲಿ ಪಕ್ಕದ ಮನೆಯವರು ಹೆಪ್ಪಿಗೆಂದು ಮೊಸರು ಕೇಳಲು ಬಂದರು. ಫೋಟೋ ನೋಡಿ ಕೆನ್ನೆಗೆ ಕೈ ಹಚ್ಚಿದರು.

“ಸಿನಿಮಾದಾಗಿನ ತಮ್ಮ ಇವರೇನ್ರೀ ಅಕ್ಕಾರ? ಏನ್ ಛಂದ ಅದಾರ.” ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. “ಮತ್ತ ಈ ಚೀಲಾ ತುಂಬಾಕತ್ತಾರಲ್ಲ, ಇವರು ಯಾರು?”

ಅಕ್ಕ ನನ್ನ ಬುತ್ತಿಗೆ ರೊಟ್ಟಿ ಮಡಚುತ್ತ ತಲೆ ಎತ್ತದೆ ಹೇಳಿದಳು:

“ಅಂವನ್ನ ನೋಡಾಕಂತ ಬಂದಿದ್ರು. ನೋಡಿದ್ದಾತು, ಹೊಂಟಾರ.”