ಮರಿಯಮ್ಮನಿಗೆ ಬೀಳುತ್ತಿದ್ದ ಒಂದು ಚೀಟಿ

ಕುರ್ಚಿಯ ಆಸೆ ತನಗಿಲ್ಲ ಎನ್ನುವವರನ್ನು ದಯವಿಟ್ಟು ನಂಬಬೇಡಿ. ಇಪ್ಪತ್ತು ವರ್ಷ ಹಾಗೆ ಹೇಳುತ್ತಲೇ ಕುರ್ಚಿಯಲ್ಲಿ ಕೂತವನು ನಾನು, ಹಾಗಾಗಿ ಈ ವಿಷಯದಲ್ಲಿ ನನ್ನ ಮಾತಿಗೆ ತೂಕವಿದೆ. ಕುರ್ಚಿ ಎಂದರೆ ವಿಧಾನಸೌಧದ್ದು ಎಂದುಕೊಂಡೀರಿ. ವಾಡಿಯ ನಮ್ಮ ಚರ್ಚಿನ ಪಾಲನಾ ಸಮಿತಿಯ ಅಧ್ಯಕ್ಷರ ಕುರ್ಚಿ ಅದು. ಪ್ಲಾಸ್ಟಿಕ್ಕಿನದು, ಬಿಳಿಯದು, ಒಂದು ಕೈ ಸ್ವಲ್ಪ ಬಿರುಕು ಬಿಟ್ಟದ್ದು. ಉಳಿದ ಸದಸ್ಯರ ಕುರ್ಚಿಗಳಿಗೆ ಕೈಗಳೇ ಇರಲಿಲ್ಲ. ಆ ಬಿರುಕಿನಲ್ಲಿ ಮೊಣಕೈ ಸಿಕ್ಕಿ ಚರ್ಮ ಚಿವುಟಿದಾಗಲೆಲ್ಲ, ಅಧಿಕಾರವೆಂದರೆ ಇಷ್ಟು ನೋವು ಇದ್ದದ್ದೇ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ನಮ್ಮಂಥ ಸಣ್ಣ ಊರಿನ ಚರ್ಚಿಗೆ ಇಷ್ಟು ದೊಡ್ಡ ಕಾರುಬಾರು ಬಂದದ್ದು ಹಳೆಯ ಫಾದರ್ ಕಾಲದಲ್ಲಿ. ಅವರು ಚಿತ್ತಾಪುರ ಕಡೆಯವರೇ. ಒಮ್ಮೆ ನಮ್ಮ ಬಿಷಪ್ಪರು ದೇಶದ ಎಲ್ಲ ಕ್ಯಾಥೊಲಿಕ್ ಬಿಷಪ್ಪರ ಮಂಡಳಿಯ ಸಭೆಗೆ ಹೊರಟಾಗ, ಚೀಲ ಹಿಡಿಯಲಿಕ್ಕೂ ಕಾಗದಪತ್ರ ಜೋಡಿಸಲಿಕ್ಕೂ ಇವರನ್ನು ಜೊತೆಗೆ ಕರೆದೊಯ್ದರು. ಒಂದು ವಾರ ಬಿಟ್ಟು ವಾಡಿ ಜಂಕ್ಷನ್ನಿನಲ್ಲಿ ಇಳಿದವರನ್ನು ಕರೆತರಲು ನಾನು ಹೋಗಿದ್ದೆ. ಮನೆಗೆ ಹೋಗುವಷ್ಟು ತಾಳ್ಮೆ ಅವರಿಗಿರಲಿಲ್ಲ. ಪ್ಲಾಟ್‌ಫಾರ್ಮಿನ ಚಹಾದ ಅಂಗಡಿಯ ಮುಂದೆಯೇ ನಿಂತು ಶುರು ಮಾಡಿದರು.

"ಮಾಸ್ತರ್ರ, ದೇಶದಾಗಿನ ಬಿಷಪ್ಪರೆಲ್ಲ ಒಂದೇ ಛತ್ತಿನ ಬುಡಕ ಕುಂತಿದ್ರು. ಒಬ್ಬರ ಭಾಷಾ ಒಬ್ಬರಿಗೆ ಬರಂಗಿಲ್ಲ, ಒಬ್ಬರ ಊಟ ಒಬ್ಬರಿಗೆ ಸೇರಂಗಿಲ್ಲ. ಆದ್ರೂ ಒಬ್ಬರರೆ ದನಿ ಎತ್ತಬೇಕಲ್ಲ! ಶಿಕ್ಷಣಕ್ಕ ಒಂದು ಆಯೋಗ, ಆರೋಗ್ಯಕ್ಕ ಒಂದು, ಕಾರ್ಮಿಕರಿಗೆ ಒಂದು. ಭಾಳ ಚಂದ ನಡೀತದ್ರಿ. ನಮ್ಮಲ್ಲೂ ಹಂಗೇ ಮಾಡೋಣ."

ನನಗೆ ಹಿಂದಿನ ತಿಂಗಳ ನಮ್ಮ ಸಭೆ ನೆನಪಾಯಿತು. ನೀರಿನ ಡ್ರಮ್ಮನ್ನು ನೆರಳಿನಿಂದ ಬಿಸಿಲಿಗೆ ಸರಿಸಿದವರು ಯಾರು ಎಂಬ ಒಂದೇ ವಿಷಯದ ಮೇಲೆ ಎರಡು ತಾಸು ಜಗಳವಾಗಿತ್ತು. ಆದರೂ ಫಾದರ್ ಕಣ್ಣಿನಲ್ಲಿ ಅಂಥ ಹೊಳಪಿತ್ತೆಂದರೆ, ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಹೀಗೆ ದೇಶದ ಮಂಡಳಿಯ ಪಡಿಯಚ್ಚು ವಾಡಿಯಲ್ಲಿ ಹುಟ್ಟಿತು. ಒಬ್ಬ ಅಧ್ಯಕ್ಷ, ಇಬ್ಬರು ಉಪಾಧ್ಯಕ್ಷರು, ಒಬ್ಬ ಪ್ರಧಾನ ಕಾರ್ಯದರ್ಶಿ, ಒಂದು ಸ್ಥಾಯಿ ಸಮಿತಿ, ಅದರ ಮೇಲೆ ಹನ್ನೆರಡು ಆಯೋಗಗಳು. ನಮ್ಮಲ್ಲಿದ್ದದ್ದು ಮೂವತ್ತು ಚಿಲ್ಲರೆ ಮನೆ. ವಾಡಿಯ ರೈಲ್ವೆ ಕ್ವಾರ್ಟರ್ಸಿನವು ಹೆಚ್ಚು, ಶಹಾಬಾದಿನ ಕಲ್ಲುಗಣಿ ಕಡೆಯವು ಕೆಲವು, ಸೇಡಂ ಮತ್ತು ಚಿಂಚೋಳಿಯಿಂದ ಬಸ್ಸು ಹಿಡಿದು ಬರುವವು ನಾಲ್ಕೈದು. ಹೀಗಾಗಿ ಮನೆಗೊಬ್ಬ ಪದಾಧಿಕಾರಿಯಾದ. ಭಾನುವಾರ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಯಾರಾದರೂ "ಅಧ್ಯಕ್ಷರೇ" ಎಂದು ಕರೆದರೆ ಹತ್ತು ತಲೆಗಳು ತಿರುಗುತ್ತಿದ್ದವು. ಶಹಾಬಾದಿನ ಸೈಮನ್ನಣ್ಣ ಆರೋಗ್ಯ ಆಯೋಗದ ಅಧ್ಯಕ್ಷ. ಅವನಿಗೆ ಸೂಜಿ ಕಂಡರೆ ತಲೆ ತಿರುಗುತ್ತಿತ್ತು. ರೈಲ್ವೆಯ ಸಿಗ್ನಲ್ ಕ್ಯಾಬಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಅಂಥೋಣಿ ಯುವಜನ ಆಯೋಗದ ಅಧ್ಯಕ್ಷನಾದಾಗ ನಿವೃತ್ತಿಗೆ ಎರಡು ವರ್ಷವಿತ್ತು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ನಾನು, ಎಲ್ಲರಿಗಿಂತ ಮೇಲೆ, ಎಲ್ಲ ಅಧ್ಯಕ್ಷರ ಅಧ್ಯಕ್ಷ.

ಯಾವ ಆಯೋಗದಲ್ಲಿಯೂ ಹೆಸರಿಲ್ಲದವಳು ಮರಿಯಮ್ಮ ಒಬ್ಬಳೇ. ಸೇಡಂ ಆಚೆಯ ಹಳ್ಳಿಯಿಂದ ಬಂದು, ಸ್ಟೇಷನ್ ಹತ್ತಿರ ಜೋಳದ ರೊಟ್ಟಿ ಬಡಿದು ಮಾರಿ ಬದುಕುತ್ತಿದ್ದ ಹೆಣ್ಣುಮಗಳು. ಯಾರಿಗಾದರೂ ಜ್ವರ ಬಂದರೆ ಕಲಬುರಗಿ ಆಸ್ಪತ್ರೆಗೆ ಜೊತೆ ಹೋಗುತ್ತಿದ್ದದ್ದು ಆರೋಗ್ಯ ಆಯೋಗವಲ್ಲ, ಮರಿಯಮ್ಮ. ಗಂಡ ಹೆಂಡತಿ ಜಗಳವಾಡಿದರೆ ನಡುವೆ ಕೂರುತ್ತಿದ್ದದ್ದು ಕುಟುಂಬ ಆಯೋಗವಲ್ಲ, ಅವಳೇ. ಇದು ನಮಗೆ ಕಾಣುತ್ತಿರಲಿಲ್ಲವೆಂದಲ್ಲ. ಕೆಲಸ ಹೇಗೂ ನಡೆಯುತ್ತಿದೆಯಲ್ಲ ಎಂದು ನಾವು ನಿಶ್ಚಿಂತೆಯಿಂದ ಸಭೆ ನಡೆಸುತ್ತಿದ್ದೆವು.

ಬಿಷಪ್ಪರ ಮಂಡಳಿ ಸಭೆ ಮುಗಿಸುವಾಗ ದೇಶವನ್ನು ಉದ್ದೇಶಿಸಿ ಒಂದು ಹೇಳಿಕೆ ಹೊರಡಿಸುತ್ತದೆಯಂತೆ. ನಾವೇನು ಕಡಿಮೆ? ಮೊದಲ ಸಭೆಯ ಹೇಳಿಕೆಯನ್ನು ನಾನೇ ಬರೆದೆ. "ದೇಶದ ಸಮಸ್ತ ಜನತೆಗೆ" ಎಂದು ಶುರುವಾಗಿ, ಜಗತ್ತಿನಲ್ಲಿ ಶಾಂತಿ ನೆಲೆಸಬೇಕೆಂದು ಹೇಳಿ, ವಾಡಿಯಲ್ಲಿ ಎಲ್ಲ ರೈಲುಗಳೂ ನಿಲ್ಲಬೇಕೆಂಬಲ್ಲಿ ಮುಗಿಯಿತು. ಮೈದಾ ಹಿಟ್ಟಿನ ಅಂಟು ಕಾಯಿಸಿ ಚರ್ಚಿನ ಗೇಟಿಗೆ ಅಂಟಿಸಿದೆವು. ಮಧ್ಯಾಹ್ನದೊಳಗೆ ಮರಿಯಮ್ಮನ ಆಡು ಅದನ್ನು ಜಗತ್ತಿನ ಶಾಂತಿಯವರೆಗೆ ತಿಂದು ಮುಗಿಸಿತ್ತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಬಂದು, "ತಪ್ಪಾತ್ರಿ ಸರ. ಅದಕ್ಕೂ ನನ್ನಂಗ ಓದ್ಲಿಕ್ಕ ಬರಂಗಿಲ್ರಿ" ಅಂದಳು. ಹಳೆಯ ಫಾದರ್ ಫರಸಿ ಕಲ್ಲಿನ ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ನಗೆ ಈಗಲೂ ನನ್ನ ಕಿವಿಯಲ್ಲಿದೆ.

ಇನ್ನು ಚುನಾವಣೆ. ಅದನ್ನೂ ಫಾದರ್ ಅಲ್ಲಿಂದಲೇ ಕಲಿತು ಬಂದಿದ್ದರು. ಯಾರೂ ನಿಲ್ಲಬಾರದು, ಯಾರೂ ಓಟು ಕೇಳಬಾರದು. ಪ್ರಾರ್ಥನೆ ಮಾಡಿ, ಮೌನವಾಗಿ ಕೂತು, ಮನಸ್ಸಿಗೆ ತೋಚಿದ ಹೆಸರನ್ನು ಚೀಟಿಯಲ್ಲಿ ಬರೆದು ಹಾಕಬೇಕು. ತನ್ನ ಹೆಸರನ್ನು ತಾನೇ ಬರೆಯುವಂತಿಲ್ಲ ಎಂಬುದು ಫಾದರ್ ತಾವೇ ಸೇರಿಸಿದ ನಿಯಮ. ನಮ್ಮವರನ್ನು ಅವರು ಚೆನ್ನಾಗಿ ಬಲ್ಲವರು. ಅಲ್ಲಿ ಒಬ್ಬರು ಎರಡು ಅವಧಿಗಿಂತ ಹೆಚ್ಚು ಅಧ್ಯಕ್ಷರಾಗಿರುವಂತಿಲ್ಲ ಎಂಬ ನಿಯಮವನ್ನೂ ಪ್ಲಾಟ್‌ಫಾರ್ಮಿನಲ್ಲಿ ಹೇಳಿದ್ದರು, ಆಮೇಲೆ ಮರೆತರು. ನಾನು ಮರೆಯಲಿಲ್ಲ, ಆದರೆ ನೆನಪಿಸಲೂ ಇಲ್ಲ.

ನಮ್ಮಲ್ಲಿ ಅರ್ಧದಷ್ಟು ಜನಕ್ಕೆ ಬರೆಯಲು ಬರುತ್ತಿರಲಿಲ್ಲ. ಊರಿಗೊಬ್ಬ ಮಾಸ್ತರ ಇರುವಾಗ ಚಿಂತೆ ಯಾಕೆ? ಮೌನ ಪ್ರಾರ್ಥನೆ ಮುಗಿದ ಕೂಡಲೇ ನನ್ನ ಬೆಂಚಿನ ಮುಂದೆ ಸಾಲು ನಿಲ್ಲುತ್ತಿತ್ತು. "ನಂಗ ಬರೀಲಿಕ್ಕ ಬರಂಗಿಲ್ರಿ ಸರ, ನೀವೇ ಬರದ್ ಕೊಡ್ರಿ." ಯಾರ ಹೆಸರು ಎಂದು ಕೇಳಿದರೆ ಸಾಲಿನ ಮುಂದಿದ್ದ ಮುದುಕಿ ನನ್ನ ಮುಖ ನೋಡುವಳು, ಪೆನ್ನು ನೋಡುವಳು, ಮತ್ತೆ ಮುಖ ನೋಡುವಳು. "ನಿಮ್ದೇ ಬರೀರಿ, ಮತ್ಯಾರ್ದು?" ನಾನು "ಛೇ ಛೇ, ನಂದ್ಯಾಕ ತಾಯಿ" ಎನ್ನುವಷ್ಟರಲ್ಲಿ ಪೆನ್ನು ಅರ್ಧ ಹೆಸರು ಬರೆದಾಗಿರುತ್ತಿತ್ತು. ಬರೆಯಬಲ್ಲವರೂ ನನ್ನ ಪೆನ್ನನ್ನೇ ಇಸಿದುಕೊಂಡು ನನ್ನ ಕಣ್ಣೆದುರೇ ಬರೆಯುತ್ತಿದ್ದರು. ಎದುರಿಗೇ ಕೂತ ಮನುಷ್ಯನಿಗೆ, ನಿನ್ನದಲ್ಲ, ಇನ್ನೊಬ್ಬರ ಹೆಸರು ಬರಿ ಎಂದು ಹೇಳುವ ಎದೆಗಾರಿಕೆ ಯಾರಿಗಿದೆ? ಅದು ಬರೀ ಮುಖದಾಕ್ಷಿಣ್ಯ. ಇಪ್ಪತ್ತು ವರ್ಷ ನಾನು ಅದನ್ನು ಪ್ರೀತಿ ಎಂದುಕೊಂಡೆ.

ನನ್ನ ಚೀಟಿಯದು ಮಾತ್ರ ಬೇರೆ ಪಂಚಾಯಿತಿ. ನನ್ನ ಹೆಸರು ಬರೆಯುವಂತಿಲ್ಲ. ಸೈಮನ್ನಣ್ಣನ ಹೆಸರು ಬರೆಯೋಣವೆಂದರೆ ಅವನ ಬಳಗ ದೊಡ್ಡದು, ನನ್ನ ಒಂದು ಓಟು ಸೇರಿ ಗೆದ್ದೇ ಬಿಟ್ಟರೆ? ಅಂಥೋಣಿಗೂ ಒಳಗೊಳಗೇ ಆಸೆಯಿತ್ತು. ಯಾವ ಕಾರಣಕ್ಕೂ ಗೆಲ್ಲದ ಒಂದು ಹೆಸರು ಬೇಕಿತ್ತು. ಕೈಯಡ್ಡ ಹಿಡಿದು "ಮರಿಯಮ್ಮ" ಎಂದು ಬರೆದು ಹಾಕಿಬಿಡುತ್ತಿದ್ದೆ. ಪ್ರತಿ ಸಲ ಎಣಿಕೆಯಲ್ಲಿ ನನ್ನ ಹೆಸರು ಮೇಲಿಂದ ಮೇಲೆ ಬಂದು, ನಡುವೆ ಎಲ್ಲೋ ಒಮ್ಮೆ ಫಾದರ್ "ಮರಿಯಮ್ಮ, ಒಂದು" ಎಂದು ಓದುತ್ತಿದ್ದರು. ಜನ ನಗುತ್ತಿದ್ದರು. ಯಾರಿರಬಹುದು ಎಂದು ಅತ್ತಿತ್ತ ನೋಡುತ್ತಿದ್ದರು. ನಾನೂ ಅತ್ತಿತ್ತ ನೋಡುತ್ತಿದ್ದೆ.

ಹಳೆಯ ಫಾದರ್ ಈಗಿಲ್ಲ. ಅವರನ್ನು ಮಣ್ಣು ಮಾಡಿದ ದಿನ ಹನ್ನೆರಡು ಆಯೋಗಗಳ ಅಧ್ಯಕ್ಷರೂ ಸಾಲಾಗಿ ನಿಂತು ಅತ್ತೆವು. ಆಮೇಲೆ ಅಂಥೋಣಿ ಹೋದ. ಕ್ವಾರ್ಟರ್ಸಿನ ಮನೆಗಳು ಒಂದೊಂದಾಗಿ ಖಾಲಿಯಾದವು, ಬೋಗನ್‌ವಿಲ್ಲಾ ಬಳ್ಳಿ ಮಾತ್ರ ಬೀಗ ಹಾಕಿದ ಬಾಗಿಲುಗಳ ಮೇಲೆ ಉಳಿಯಿತು. ಆದರೂ ಮೂರು ವರ್ಷಕ್ಕೊಮ್ಮೆ ಚೀಟಿ ಬರೆಯುವ ದಿನ ಬಂದರೆ, ಪ್ಲಾಟ್‌ಫಾರ್ಮಿನಲ್ಲಿ ಚಹಾ ಆರಿಸಿಕೊಂಡು ಮಾತಾಡುತ್ತಿದ್ದ ಆ ಮನುಷ್ಯ ಇಲ್ಲೇ ಎಲ್ಲೋ ಇದ್ದಾರೆ ಅನಿಸುತ್ತಿತ್ತು. ನಾನು ಕುರ್ಚಿ ಬಿಡದೆ ಹಿಡಿದದ್ದಕ್ಕೆ ಅದೂ ಒಂದು ಕಾರಣ. ಉಳಿದ ಕಾರಣಗಳನ್ನು ಮೇಲೆ ಹೇಳಿದ್ದೇನೆ.

ಈಗ ಬಂದಿರುವ ಫಾದರ್ ಚಿಕ್ಕ ವಯಸ್ಸಿನವರು, ಬೆಳಗಾವಿ ಕಡೆಯವರು. ದೇಶದ ಬಿಷಪ್ಪರ ಮಂಡಳಿಗೆ ಹೊಸ ಅಧ್ಯಕ್ಷರು ಆಯ್ಕೆಯಾದ ಸುದ್ದಿಯನ್ನು ಮೊಬೈಲಿನಲ್ಲಿ ತೋರಿಸಿದರು. ನಾನು ಕನ್ನಡಕ ಏರಿಸಿ ನೋಡಿ, "ಪಾಪ, ಅವರ ತ್ರಾಸು ನನಗ ಗೊತ್ತದ" ಎಂದೆ. ಅಧ್ಯಕ್ಷರ ಕಷ್ಟ ಅಧ್ಯಕ್ಷರಿಗೇ ತಿಳಿಯಬೇಕು. ಫಾದರ್ ನಗಲಿಲ್ಲ.

"ಅಲ್ಲಿ ಎರಡು ಅವಧಿ ಆದ್ರ ಬಿಡಬೇಕ್ರಿ ಸರ. ನಿಮ್ದು ಎಷ್ಟಾತು?"

ನಾನು ಬೆರಳು ಮಡಚುತ್ತ ಕೂತೆ. ಅವರಿಗೆ ಕರುಣೆ ಬಂದಿರಬೇಕು. "ಇರ್ಲಿ, ನನ್ನ ಲೆಕ್ಕ ಈಗಿಂದ. ಈ ಸಲಾನೂ ಜನ ಬರದ್ರ ನೀವೇ ಆಗ್ರಿ. ಆದ್ರ ಚೀಟಿ ನೀವು ಬರಿಯೋದು ಬ್ಯಾಡ. ಬರೀಲಿಕ್ಕ ಬರದವ್ರು ಪಾಪನಿವೇದನೆ ಗೂಡಿಗೆ ಬಂದು ನನ್ನ ಕಿವ್ಯಾಗ ಹೆಸರು ಹೇಳ್ಲಿ, ನಾ ಬರೀತೀನಿ."

ಪಾಪನಿವೇದನೆಯ ಗೂಡು ಎಂದರೆ ಜಾಲರಿಯ ಆಚೆ ಪಾದ್ರಿ, ಈಚೆ ಮೊಣಕಾಲೂರಿದ ಪಾಪಿ. ಹುಟ್ಟಿದಾಗಿನಿಂದ ಯಾರೂ ಅಲ್ಲಿ ಸುಳ್ಳು ಹೇಳಿದವರಲ್ಲ. ಆ ವಾರವೆಲ್ಲ ನನಗೆ ಒಂದೇ ಪ್ರಶ್ನೆ. ಅಧ್ಯಕ್ಷನಲ್ಲದ ನಾನು ಯಾರು? ಶಾಲೆಯಿಂದ ನಿವೃತ್ತನಾದ ಮೇಲೆ ಈ ಊರಿನಲ್ಲಿ ನನ್ನನ್ನು ಎದ್ದು ನಿಂತು ಮಾತಾಡಿಸುತ್ತಿದ್ದದ್ದು ಆ ಭಾನುವಾರದ ಅಂಗಳವೊಂದೇ.

ಚುನಾವಣೆಯ ದಿನ ಗೂಡಿನ ಮುಂದೆ ಉದ್ದ ಸಾಲು. ಮೊದಲು ಹೋದ ಮುದುಕಿ ರೂಢಿಯಂತೆ ತನ್ನ ಪಾಪಗಳನ್ನೆಲ್ಲ ಹೇಳಿ, ಶಿಲುಬೆ ಗುರುತು ಹಾಕಿಕೊಂಡು, ಓಟು ಹಾಕುವುದನ್ನೇ ಮರೆತು ಹೊರಬಂದಳು. ಫಾದರ್ ಜಾಲರಿಯೊಳಗಿಂದ "ಅಮ್ಮಾ, ಹೆಸರು, ಹೆಸರು" ಎಂದು ಕೂಗಿ ಕರೆಯಬೇಕಾಯಿತು. ನನ್ನ ಬೆಂಚಿನ ಮುಂದೆ ಯಾರೂ ಇರಲಿಲ್ಲ. ಕೈ ಸುಮ್ಮನಿರಲಾರದೆ ನನ್ನ ಚೀಟಿ ಬರೆದೆ. ಗಾಬರಿಯಲ್ಲಿ ಬೇರೆ ಏನೂ ತೋಚದೆ, ಇಪ್ಪತ್ತು ವರ್ಷದ ರೂಢಿಯಂತೆ "ಮರಿಯಮ್ಮ" ಎಂದೇ ಬರೆದು ಹಾಕಿದೆ.

ಎಣಿಕೆ ಶುರುವಾಯಿತು. ಮರಿಯಮ್ಮ. ಮರಿಯಮ್ಮ. ಸೈಮನ್. ಮರಿಯಮ್ಮ. ಮೊದಲು ಜನ ನಕ್ಕರು, ಆಮೇಲೆ ನಗು ನಿಂತಿತು, ಆಮೇಲೆ ಹಿಂದಿನ ಬೆಂಚಿನಿಂದ ಯಾರೋ ಚಪ್ಪಾಳೆ ತಟ್ಟತೊಡಗಿದರು. ಕಡೆಯ ಚೀಟಿಯ ಹೊತ್ತಿಗೆ ಫಾದರ್ ನನ್ನತ್ತ ನೋಡಿ, ದನಿ ಸ್ವಲ್ಪ ಮೆತ್ತಗೆ ಮಾಡಿ, "ಮಾಸ್ತರ್ರು, ಒಂದು" ಎಂದರು. ನಾನು ಅತ್ತಿತ್ತ ನೋಡಲಿಲ್ಲ.

ಆ ಒಂದು ಓಟು ನನ್ನ ಹೆಂಡತಿಯದು ಎಂಬ ನಂಬಿಕೆಯಿಂದ ಮನೆ ಮುಟ್ಟಿದೆ. ಎಷ್ಟಾದರೂ ಕಟ್ಟಿಕೊಂಡವಳು. ಚಹಾ ಕೊಡುವಾಗ ಮೆಲ್ಲಗೆ ಕೇಳಿದೆ. ಅವಳು ಬಟ್ಟಲು ಕೆಳಗಿಟ್ಟು, "ನಾ ಮರಿಯಮ್ಮಗ ಹಾಕೀನ್ರಿ. ಹೋದ ವರ್ಷ ನೀವು ದವಾಖಾನ್ಯಾಗ ಬಿದ್ದಾಗ ನಿಮ್ಮ ಕಮಿಟಿಯವ್ರು ಬೇಗ ಗುಣ ಆಗ್ಲಿ ಅಂತ ಹೇಳಿಕೆ ಕಳಿಸಿದ್ರು. ಆಕಿ ನನ್ನ ಜೋಡಿ ಎಂಟು ದಿನ ಅಲ್ಲೇ ಮಲಗಿದ್ಳು" ಎಂದಳು. ನಾನು ಚಹಾ ಕುಡಿದೆ.

ಸಂಜೆ ಮರಿಯಮ್ಮ ಬಂದಳು, ಸೆರಗಿನಲ್ಲಿ ಬಿಸಿ ರೊಟ್ಟಿ, ಡಬ್ಬಿಯಲ್ಲಿ ಪುಂಡಿ ಪಲ್ಯ. "ಕುಂದ್ರು ತಂಗಿ" ಎಂದರೆ ಫರಸಿಯ ಮೇಲೇ ಕೂತಳು.

"ಸರ, ನಂಗ ಹೆದರಿಕಿ ಆಗ್ಲಿಕತ್ತದ್ರಿ. ಓದು ಬರಹ ಇಲ್ಲ. ನಾ ಹೇಳಿದ್ದು ನೀವು ಬರೀಬೇಕು. ಸೆಕ್ರೆಟರಿ ನೀವೇ ಆಗ್ರಿ, ಇಲ್ಲನಬ್ಯಾಡ್ರಿ."

ಇಷ್ಟು ವರ್ಷ ಊರಿನವರು ಹೇಳದ್ದನ್ನೆಲ್ಲ ಬರೆದವನು, ಇನ್ನು ಹೇಳಿದ್ದನ್ನು ಬರೆಯಬೇಕು. ತಲೆಯಾಡಿಸಿದೆ. ಅಷ್ಟಕ್ಕೆ ಸುಮ್ಮನಿರದೆ, "ಮತ್ತ ಒಪ್ಕೊಳ್ಳಲಿಕ್ಕ ಧೈರ್ಯ ಎಲ್ಲಿಂದ ಬಂತು?" ಎಂದು ಕೇಳಿದೆ. ದನಿಯಲ್ಲಿ ಸ್ವಲ್ಪ ಹುಳಿ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಮದ್ಲಿಂದ ಪ್ರತಿ ಸಲ ನಂಗೊಂದು ಚೀಟಿ ಬೀಳ್ತಿತ್ತಲ್ರಿ ಸರ. ಎಲ್ಲಾರೂ ನಗ್ತಿದ್ರು. ನಾ ಮನಿಗಿ ಹೋಗಿ ಅಳ್ತಿದ್ದೆ, ಖುಷಿಲಿಂದ. ಯಾರೋ ಒಬ್ಬರು ಪ್ರಾರ್ಥನಾ ಮಾಡಿ, ವಿಚಾರ ಮಾಡಿ, ನನ್ನ ಹೆಸರು ಬರ್ದಾರಲ್ಲ ಅಂತ. ಅವ್ರ ಮಾತು ಸುಳ್ಳಾಗಬಾರ್ದು ಅಂತ ನಾ ಕೈಲಾದ್ದು ಮಾಡ್ಕೋತ ಬಂದೀನಿ. ಅದೇ ಧೈರ್ಯ ನೋಡ್ರಿ."

ಮುರಿಯಹೊರಟ ರೊಟ್ಟಿಯನ್ನು ನಾನು ಮತ್ತೆ ಕೆಳಗಿಟ್ಟೆ.

"ಅದಕ್ಕ ಈ ಸಲ ನಾ ನಿಮಗ ಹಾಕಿದ್ನಿ ಸರ" ಎಂದು ಅವಳು ಏಳುತ್ತ ಹೇಳಿದಳು. "ಒಂದರೆ ಬೀಳ್ಬೇಕಲ್ರಿ ಮನುಷ್ಯಾಗ."

ನನ್ನ ಹೆಂಡತಿ ಅವಳನ್ನು ಬಾಗಿಲತನಕ ಕಳಿಸಲು ಹೋದಳು. ಆಮೇಲೆ ಒಳಗೆ ಬಂದು, ಕಣ್ಣು ಒರೆಸಿಕೊಂಡು, "ಅಲ್ರೀ, ಅಕಿಗಿ ಅಷ್ಟು ವರ್ಷ ಆ ಚೀಟಿ ಹಾಕ್ದವ್ರು ಯಾರಿರಬೇಕು? ಯಾರರೆ ಇರ್ಲಿ, ಭಾಳ ದೊಡ್ಡ ಮನಸಿನವ್ರು ನೋಡ್ರಿ" ಎಂದಳು. ಮದುವೆಯಾದಂದಿನಿಂದ ಅವಳ ಬಾಯಿಂದ ಇಂಥ ಮಾತೊಂದು ಬರಲೆಂದು ಕಾದವನು ನಾನು. ಅಂದು ಬಂತು. ನಾನು ಪಲ್ಯದ ಡಬ್ಬಿಯ ಮುಚ್ಚಳ ತೆಗೆದು, "ಯಾರಿಗೆ ಗೊತ್ತು" ಎಂದೆ.